ಕೈಗೆಟುಕುವ ಗಾಡಿ

ಬೆಳಗ್ಗೆ ಸೆಲ್ಫ್ ಹೊಡೆದ ಕೂಡಲೇ ಮೂರು ನಾಲ್ಕು ಸೆಕೆಂಡ್ ಒಂದು ಸದ್ದು ಬರುತ್ತಿತ್ತು. ತಗಡಿನ ಡಬ್ಬಕ್ಕೆ ಮೊಳೆ ಹಾಕಿ ಕುಲುಕಿದ ಹಾಗೆ. ಆಯಿಲ್ ಪ್ರೆಶರ್ ಏರುತ್ತಿದ್ದಂತೆ ಸುಮ್ಮನಾಗುತ್ತಿತ್ತು. ಮುಂದಿನ ವಾರ ಅದೇ ಸದ್ದು ಐದಾರು ಸೆಕೆಂಡ್ ಆಯಿತು. ಅದರ ಮುಂದಿನ ವಾರ ಹತ್ತು. ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಚೈನ್ ಸಡಿಲವಾಗಿ ತನ್ನ ಕವರ್‌ಗೆ ಬಡಿಯುತ್ತಿದೆ ಅಂತ ಖಾತ್ರಿಯಾದ ದಿನವೇ ಗಾಡಿ ಓಡಿಸುವುದನ್ನು ನಿಲ್ಲಿಸಿದೆ.

ಗಾಡಿ 1987ರ ಟೊಯೊಟಾ ಪಿಕಪ್. ಬೇರೆ ದೇಶಗಳಲ್ಲಿ ಇದಕ್ಕೆ ಹೈಲಕ್ಸ್ ಅನ್ನುತ್ತಾರೆ, ಅಮೆರಿಕದಲ್ಲಿ ಆಗ ಸುಮ್ನೆ ಪಿಕಪ್ ಅಂತಲೇ ಮಾರುತ್ತಿದ್ದರು. ಟೂ ವೀಲ್ ಡ್ರೈವ್, ಐದು ಗೇರು. ಪವರ್ ಸ್ಟೀರಿಂಗ್ ಇಲ್ಲ, ಎಸಿ ಇಲ್ಲ. ಗಾಜು ಇಳಿಸಲು ಹಿಡಿ ತಿರುಗಿಸಬೇಕು. ಮುಂದೆ ಒಂದೇ ಉದ್ದನೆಯ ಸೀಟು. ಹ್ಯಾಂಡ್‌ಬ್ರೇಕ್ ಡ್ಯಾಶ್‌ಬೋರ್ಡ್ ಕೆಳಗಿದೆ, ಕೊಡೆಯ ಹಿಡಿಯ ಹಾಗೆ. ಹಾಕಲು ಎಳೆಯಬೇಕು, ಬಿಡಲು ತಿರುಗಿಸಿ ಒಳಗೆ ತಳ್ಳಬೇಕು.

ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಎರಡು ಬೀದಿ ಆಚೆ ಒಬ್ಬ ಅಜ್ಜ ಇದ್ದಾರೆ. ಬಡಗಿ ಕೆಲಸ ಮಾಡಿ ನಿವೃತ್ತರಾದವರು. ಹೊಸದಾಗಿ ಕೊಂಡಾಗಿನಿಂದ ಗಾಡಿ ಅವರದ್ದೇ. ಮೊಣಕಾಲಿನ ಆಪರೇಷನ್ ಆದ ಮೇಲೆ ಕ್ಲಚ್ ಒತ್ತುವುದು ಕಷ್ಟವಾಯಿತು. 'ಗ್ಯಾರೇಜಿನಲ್ಲಿ ಇಟ್ಟು ಒರೆಸೋನಿಗೆ ಕೊಡೋಲ್ಲ, ಮಣ್ಣು ಹೊರೋನಿಗೆ ಕೊಡ್ತೀನಿ' ಅಂದರು. ನಾನು ಹಿತ್ತಲಿಗೆ ಮಣ್ಣು ತರಬೇಕಿತ್ತು. ಹಾಗೆ ಗಾಡಿ ನಮ್ಮ ಮನೆಗೆ ಬಂತು. ಜೊತೆಗೆ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿದ್ದ ಒಂದು ನೋಟ್‌ಬುಕ್ಕೂ ಬಂತು. ಅದರ ವಿಷಯ ಮುಂದೆ ಹೇಳುತ್ತೇನೆ. ಈ ಕೆಲಸ ಅರ್ಧ ನಡೆದದ್ದೇ ಅದರಿಂದ.

ಮೊದಲ ಶನಿವಾರ: ಬಿಚ್ಚುವುದು

ಎಂಜಿನ್ 22ಆರ್‌ಇ. 2366 ಸಿಸಿ, ನಾಲ್ಕು ಸಿಲಿಂಡರ್, ಕಬ್ಬಿಣದ ಬ್ಲಾಕ್, ಅದರ ಮೇಲೆ ಕೂರುವ ಅಲ್ಯೂಮಿನಿಯಂ ಹೆಡ್. ಬಾನೆಟ್ ಎತ್ತಿದರೆ ಎಂಜಿನ್ನಿನ ಎರಡೂ ಪಕ್ಕ ಕೈ ಹೋಗುತ್ತದೆ, ಕೆಳಗೆ ನೆಲ ಕಾಣಿಸುತ್ತದೆ. ಮೊದಮೊದಲ 22ಆರ್ ಎಂಜಿನ್‌ಗಳಲ್ಲಿ ಎರಡು ಸಾಲಿನ ಟೈಮಿಂಗ್ ಚೈನ್ ಇತ್ತು. 1983ರ ಹೊತ್ತಿಗೆ ಒಂದೇ ಸಾಲಿನ ಚೈನ್ ಬಂತು. ಅದಕ್ಕೆ ಎರಡು ಕಡೆ ಪ್ಲಾಸ್ಟಿಕ್ ಗೈಡ್, ಅಂದರೆ ಚೈನು ಒರಗಿ ಓಡುವ ಪಟ್ಟಿ, ಇಟ್ಟರು. ಲಕ್ಷ ಮೈಲಿ ದಾಟಿದ ಮೇಲೆ ಪ್ಲಾಸ್ಟಿಕ್ ಗಡುಸಾಗಿ ಮುರಿಯುವುದು ಸಹಜ, ಬ್ರೇಕ್ ಪ್ಯಾಡ್ ಸವೆಯುವ ಹಾಗೆ. ಇದನ್ನು ಎಂಜಿನ್ನಿನ ದೋಷ ಅಂತ ನಾನು ಅನ್ನೋಲ್ಲ. ಆದರೆ ಮುರಿದ ಮೇಲೂ ಓಡಿಸುತ್ತಾ ಹೋದರೆ ಕಷ್ಟ. ಚೈನು ಅಲ್ಯೂಮಿನಿಯಂ ಕವರ್ ಅನ್ನು ಉಜ್ಜಿ ಉಜ್ಜಿ ತೂತು ಮಾಡುತ್ತದೆ. ಆ ಗೋಡೆಯ ಹಿಂದೆಯೇ ಕೂಲೆಂಟ್ ಹರಿಯುತ್ತದೆ. ನೀರು ಎಣ್ಣೆಗೆ ಸೇರಿತು ಅಂದರೆ ಬೇರಿಂಗ್‌ಗಳ ಕಥೆ ಮುಗಿಯಿತು.

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದೆ. ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ನೀರು ಸೇರಿದೆ ಅಂತ. ಕಾಣಲಿಲ್ಲ. ಡಿಪ್‌ಸ್ಟಿಕ್ ಕೂಡ ಶುದ್ಧ ಕಪ್ಪು. ಜೀವ ಬಂತು.

ಬ್ಯಾಟರಿ ತಂತಿ ಕಳಚಿದೆ. ಕೂಲೆಂಟ್ ಇಳಿಸಿದೆ, ಆಯಿಲ್ ಇಳಿಸಿದೆ. ರೇಡಿಯೇಟರ್ ನಾಲ್ಕು ಬೋಲ್ಟಿಗೆ ಹೊರಗೆ ಬಂತು. ಫ್ಯಾನು, ಬೆಲ್ಟು, ಪುಲ್ಲಿ. ಎಸಿ, ಪವರ್ ಸ್ಟೀರಿಂಗ್ ಇರುವ ಗಾಡಿಯಲ್ಲಿ ಇಷ್ಟಕ್ಕೇ ಮಧ್ಯಾಹ್ನ ಆಗುತ್ತದೆ. ನನಗೆ ಒಂದೂವರೆ ಗಂಟೆ ಸಾಕಾಯಿತು. ಹತ್ತು, ಹನ್ನೆರಡು, ಹದಿನಾಲ್ಕು, ಈ ಮೂರು ಸೈಜಿನ ಸಾಕೆಟ್‌ಗಳಲ್ಲೇ ಹೆಚ್ಚುಕಡಿಮೆ ಎಲ್ಲ ಕೆಲಸ ನಡೆಯಿತು.

ಒಂದು ದೊಡ್ಡ ರಟ್ಟಿನ ಮೇಲೆ ಎಂಜಿನ್ನಿನ ಮುಂಭಾಗದ ಚಿತ್ರ ಬರೆದು, ಬೋಲ್ಟ್ ಇರುವ ಜಾಗಕ್ಕೆಲ್ಲ ತೂತು ಮಾಡಿಕೊಂಡೆ. ಬಿಚ್ಚಿದ ಬೋಲ್ಟನ್ನು ಅದರದೇ ತೂತಿಗೆ ಚುಚ್ಚುವುದು. ಟೈಮಿಂಗ್ ಕವರ್‌ನ ಬೋಲ್ಟುಗಳ ಉದ್ದ ಒಂದೇ ಥರ ಇರುವುದಿಲ್ಲ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ಅಲ್ಯೂಮಿನಿಯಂ ಸೀಳುತ್ತದೆ. ಈ ರಟ್ಟಿನ ಉಪಾಯ ನಮ್ಮ ತಂದೆಯದ್ದು.

ಕ್ರ್ಯಾಂಕ್, ಅಂದರೆ ಎಂಜಿನ್ನಿನ ಮುಖ್ಯ ಶಾಫ್ಟ್, ಅದರ ಪುಲ್ಲಿಯ 19ರ ಬೋಲ್ಟ್ ಬಿಚ್ಚಲು ಇನ್ನೊಬ್ಬರು ಬೇಕು. ಐದನೇ ಗೇರಿಗೆ ಹಾಕಿ ಯಾರಾದರೂ ಬ್ರೇಕ್ ಒತ್ತಿ ಕೂತರೆ ಎಂಜಿನ್ ತಿರುಗುವುದಿಲ್ಲ. ಮಗಳು ಕೂತಳು. ಅವಳಿಗೆ ಹದಿನೈದು. ಇಲ್ಲಿ ಹದಿನೈದೂವರೆಗೆ ಕಲಿಯುವ ಲೈಸೆನ್ಸ್ ಸಿಗುತ್ತದೆ. ಈ ಗಾಡಿಯಲ್ಲೇ ಗೇರು ಕಲಿಯಬೇಕು ಅಂತ ಅವಳ ಹಟ. ಮೂರು ಅಡಿ ಪೈಪು ಸಿಕ್ಕಿಸಿ ಒತ್ತಿದೆ. ಟಪ್ ಅಂತ ಬಿಟ್ಟಿತು.

ಅಷ್ಟರಲ್ಲಿ ಬೀದಿಯಲ್ಲಿ ಒಂದು ಗಾಡಿ ನಿಂತಿತು. ಹುಲ್ಲು ಕತ್ತರಿಸುವ ಮೆಷಿನ್‌ಗಳನ್ನು ಹೊತ್ತ ದೊಡ್ಡ ಪಿಕಪ್. ಇಳಿದವರು ಪಕ್ಕದ ಬೀದಿಯ ತೋಟಗಳನ್ನು ನೋಡಿಕೊಳ್ಳುವವರು, ಐವತ್ತು ದಾಟಿದವರು. ನಮಸ್ಕಾರ ಕೂಡ ಹೇಳದೆ ಲೋಡ್ ಬಾಡಿಯ ಅಂಚಿಗೆ ಮೊಣಕೈ ಊರಿ ನಿಂತರು. 'ನಮ್ಮಪ್ಪನ ಹತ್ತಿರ ಡಾಟ್ಸನ್ 620 ಇತ್ತು' ಅಂದರು. ಸಲಿನಾಸ್‌ನಲ್ಲಿ ಲೆಟಿಸ್ ಹೊಲಗಳಿಗೆ ಹೋಗುತ್ತಿದ್ದ ಗಾಡಿ. ಬಾಡಿಯ ಹೊರಗೆ ಹಗ್ಗ ಕಟ್ಟಲು ಸಾಲು ಕೊಕ್ಕೆಗಳಿದ್ದವಂತೆ. ತಂದೆ ಅದೇ ಕೊಕ್ಕೆಗಳಿಗೆ ಟಾರ್ಪಾಲು ಬಿಗಿದರೆ ಅಣ್ಣ ತಮ್ಮ ಮೂವರು ಒಳಗೆ ಮಲಗಿ ನಿದ್ದೆ ಮಾಡುತ್ತಿದ್ದರಂತೆ. 'ಮಳೆ ಬಂದರೆ ತಲೆಯ ಮೇಲೆ ಹತ್ತು ಇಂಚು ದೂರದಲ್ಲಿ ಟಪಟಪ ಅನ್ನೋದು. ಅಷ್ಟು ಒಳ್ಳೆಯ ನಿದ್ದೆ ಆಮೇಲೆ ಬರಲೇ ಇಲ್ಲ.' ಮಾತಾಡುತ್ತಾ ಆಡುತ್ತಾ ಬಾಡಿಯ ತಳದಲ್ಲಿ ಬಿದ್ದಿದ್ದ ನನ್ನ ಸ್ಕ್ರೂಡ್ರೈವರನ್ನು ನಿಂತಲ್ಲಿಂದಲೇ ಎತ್ತಿ ಕೊಟ್ಟರು. ಆಮೇಲೆ ತಮ್ಮ ಗಾಡಿಯ ಕಡೆ ಕೈ ತೋರಿಸಿದರು. 'ಅದರ ಒಳಗಿಂದ ಏನಾದರೂ ತೆಗೀಬೇಕಾದರೆ ನಾನು ಟೈರ್ ಮೇಲೆ ಹತ್ತಬೇಕು.'

ಅವರು ಹೋದ ಮೇಲೆ ನಾನೂ ನಿಂತು ನೋಡಿದೆ. ನಿಜ. ಪಕ್ಕದಲ್ಲಿ ನಿಂತು ಬಗ್ಗಿದರೆ ಬಾಡಿಯ ತಳ ಕೈಗೆ ಸಿಗುತ್ತದೆ. ಅಂಚು ನನ್ನ ಮೊಣಕೈ ಮಟ್ಟಕ್ಕಿದೆ.

ಭಾನುವಾರ: ಎಣ್ಣೆಯ ಕೆಳಗಿನ ಬೋಲ್ಟ್

ಒಂದನೇ ಸಿಲಿಂಡರಿನ ಪಿಸ್ಟನ್ನನ್ನು ಟಾಪ್‌ಗೆ, ಅಂದರೆ ಅದರ ತುತ್ತತುದಿಗೆ, ತಂದೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ರೋಟರ್ ಎತ್ತ ನೋಡುತ್ತಿದೆ ಅಂತ ಗುರುತು ಹಾಕಿ, ಅದನ್ನು ಹೊರಗೆ ಎಳೆದೆ. ಟ್ಯಾಪೆಟ್ ಕವರ್ ತೆಗೆದೆ. ವಾಲ್ವು ತೆರೆಯುವ ಕ್ಯಾಮ್ ಶಾಫ್ಟಿನ ಸ್ಪ್ರಾಕೆಟ್, ಅಂದರೆ ಚೈನು ಕೂರುವ ಹಲ್ಲಿನ ಚಕ್ರ, ಅದರ ಬೋಲ್ಟ್ ಬಿಚ್ಚಿ ಡಿಸ್ಟ್ರಿಬ್ಯೂಟರ್ ಓಡಿಸುವ ಗೇರನ್ನು ಪಕ್ಕಕ್ಕಿಟ್ಟೆ. ನೋಡಬೇಕಿದ್ದದ್ದು ಆಗಲೇ ಕಣ್ಣಿಗೆ ಬಿತ್ತು. ಡ್ರೈವರ್ ಕಡೆಯ ಗೈಡ್ ಇರಬೇಕಾದ ಜಾಗದಲ್ಲಿ ಬರೀ ಎರಡು ಬೋಲ್ಟು, ಅದರ ಸುತ್ತ ಮೋಟು ಪ್ಲಾಸ್ಟಿಕ್. ಉಳಿದದ್ದು ಮಾಯ.

ಸಂಪ್, ಅಂದರೆ ಎಂಜಿನ್ ತಳದ ಎಣ್ಣೆ ತೊಟ್ಟಿ, ಇಳಿಸಲು ಎಂಜಿನ್ ಮೌಂಟಿನ ಬೋಲ್ಟ್ ಸಡಿಲಿಸಿ, ಜಾಕಿ ಕೊಟ್ಟು ಎಂಜಿನ್ನನ್ನು ಒಂದಿಂಚು ಎತ್ತಬೇಕು. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿಯೇ ಕೆಳಗೆ ಹೋಗಬೇಕು, ಬರೀ ಜಾಕಿ ನಂಬಿ ಯಾರೂ ತಲೆ ಹಾಕಬೇಡಿ. ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಡಿಫರೆನ್ಷಿಯಲ್ ಅಡ್ಡ ಬರುತ್ತದೆ, ಕೆಲಸ ಇಮ್ಮಡಿ.

ಇನ್ನು ಕವರ್. ಕಾಣುವ ಬೋಲ್ಟೆಲ್ಲ ರಟ್ಟಿಗೆ ಸೇರಿದ್ದವು. ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದೆ. ಕೆಳಗೆ ಸ್ವಲ್ಪ ಬಿಟ್ಟಿತು, ಮೇಲೆ ಮಾತ್ರ ಅಲ್ಲಾಡಲಿಲ್ಲ. ಇನ್ನೊಂದು ಸಲ ತಟ್ಟಲು ಕೈ ಎತ್ತಿದ್ದೆ. ಮಗಳು ಸೀಟಿನಲ್ಲಿ ಕೂತು ನೋಟ್‌ಬುಕ್ ಓದುತ್ತಿದ್ದಳು. 'ಅಪ್ಪಾ, ನಿಲ್ಲು. 1999ರಲ್ಲಿ ಏನೋ ಬರೆದಿದ್ದಾರೆ' ಅಂದಳು.

ಅಜ್ಜನ ಅಕ್ಷರ, ಬಡಗಿಯ ಚಪ್ಪಟೆ ಪೆನ್ಸಿಲಿನಲ್ಲಿ. '1999 ಆಗಸ್ಟ್. 1,21,000 ಮೈಲಿ. ಟೈಮಿಂಗ್ ಚೈನ್. ಎಣ್ಣೆಯ ಕೆಳಗಿನ ಬೋಲ್ಟ್ ಮರೆಯಬೇಡ.' ಕೊನೆಯ ಸಾಲಿನ ಕೆಳಗೆ ಮೂರು ಗೆರೆ.

ಹೆಡ್‌ನ ಮುಂತುದಿಯಲ್ಲಿ, ಸ್ಪ್ರಾಕೆಟ್‌ನ ಮುಂದೆ, ಒಂದು ಸಣ್ಣ ಗುಂಡಿ ಇದೆ. ಅದರಲ್ಲಿ ಯಾವಾಗಲೂ ಒಂದಿಷ್ಟು ಎಣ್ಣೆ ನಿಂತಿರುತ್ತದೆ. ಬಟ್ಟೆ ಅದ್ದಿ ಹೀರಿ ತೆಗೆದೆ. ತಳದಲ್ಲಿ ಕಪ್ಪಗೆ ಒಂದು ಬೋಲ್ಟಿನ ತಲೆ. ಹೆಡ್ಡಿನಿಂದ ಕೆಳಕ್ಕೆ, ನೇರ ಟೈಮಿಂಗ್ ಕವರ್‌ನೊಳಗೆ ಇಳಿಯುವ ಬೋಲ್ಟ್ ಅದು. ಅದನ್ನು ಬಿಡದೆ ಕವರ್ ಎಳೆದರೆ ಕವರ್ ಒಡೆಯುತ್ತದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಕಿತ್ತುಕೊಂಡು ಬರುತ್ತದೆ. ಹನ್ನೆರಡರ ಸಾಕೆಟ್, ಉದ್ದನೆಯ ಎಕ್ಸ್‌ಟೆನ್ಷನ್, ಎರಡು ನಿಮಿಷ. ಕವರ್ ಕೈಗೆ ಬಂತು.

ಒಳಗೋಡೆಯಲ್ಲಿ ಚೈನು ಕೊರೆದ ಗೆರೆ. ಬೆರಳು ಆಡಿಸಿದರೆ ಉಗುರು ಪೂರ್ತಿ ಇಳಿಯುತ್ತಿತ್ತು. ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದೆ, ಬೆಳಕು ಬರಲಿಲ್ಲ. ತೂತಾಗಿಲ್ಲ. ಆದರೆ ಉಳಿದ ಗೋಡೆ ಎಷ್ಟು ತೆಳು ಅಂತ ಯಾರಿಗೆ ಗೊತ್ತು? ಹೊಸ ಕವರ್ ಹಾಕುವುದೇ ಸರಿ ಅನ್ನಿಸಿತು.

ಸಂಪ್‌ನ ತಳದಲ್ಲಿ ಪ್ಲಾಸ್ಟಿಕ್ ಚೂರುಗಳು ಸಿಕ್ಕವು. ವಿಚಿತ್ರ ಅಂದರೆ ಎರಡು ಬಣ್ಣ. ಕೆಲವು ಕಂದು, ಮುರಿದ ಅಂಚು ಚೂಪು. ಇನ್ನು ಕೆಲವು ಇದ್ದಿಲಿನ ಹಾಗೆ ಕಪ್ಪು, ಅಂಚು ಸವೆದು ನುಣುಪು. ಸಂಜೆ ಅಜ್ಜ ಬಂದರು. ಅಂಗೈಯಲ್ಲಿ ಚೂರುಗಳನ್ನು ಹರಡಿಕೊಂಡು ತುಂಬಾ ಹೊತ್ತು ನೋಡಿದರು. 'ಕಪ್ಪಗಿರೋದು ನನ್ನದು. ಆವತ್ತು ಸಂಪ್ ಇಳಿಸಲಿಲ್ಲ. ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋಗಲೇಬೇಕಿತ್ತು. ಈ ಗಾಡಿ ಇಲ್ಲದೆ ಕೆಲಸ ಇರಲಿಲ್ಲ' ಅಂದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಚೂರುಗಳು ಎಣ್ಣೆಯ ತಳದಲ್ಲಿ ಕೂತಿದ್ದವು. ಬೇಡ ಅಂತ ಎಸೆಯಲು ಹೋದೆ. ಅವರು ಎರಡನ್ನು ಎತ್ತಿ ಶರ್ಟಿನ ಜೇಬಿಗೆ ಹಾಕಿಕೊಂಡರು.

ಆ ನೋಟ್‌ಬುಕ್ ರಿಪೇರಿ ಲೆಕ್ಕ ಮಾತ್ರ ಅಲ್ಲ. ಆಯಿಲ್ ಬದಲಿಸಿದ ಪ್ರತಿ ಸಲ, ಆ ನಡುವೆ ಏನೇನು ಹೊತ್ತರು ಅಂತಲೂ ಬರೆದಿದ್ದಾರೆ. ತೊಟ್ಟಿಲು. ಪ್ಲೈವುಡ್, ಹದಿನೆಂಟು ಹಾಳೆ. ಅತ್ತೆಯ ಪಿಯಾನೋ. 1989 ಅಕ್ಟೋಬರ್‌ನಲ್ಲಿ, ಲೋಮಾ ಪ್ರಿಯೆಟಾ ಭೂಕಂಪ ಆದ ವಾರ, 'ತಂಗಿಯ ಮನೆಯ ಚಿಮಣಿ ಇಟ್ಟಿಗೆ, ವಾಟ್ಸನ್‌ವಿಲ್, ನಾಲ್ಕು ಟ್ರಿಪ್.' ಎಷ್ಟು ಮೈಲಿ, ಎಷ್ಟು ಲೀಟರು ಅಂತ ಬರೆಯುವವರು ಬೇಕಾದಷ್ಟಿದ್ದಾರೆ. ಹೊತ್ತದ್ದನ್ನು ಬರೆದವರನ್ನು ನಾನು ನೋಡಿರಲಿಲ್ಲ.

ಕವರ್‌ಗೆ ಕಾದ ವಾರ

ಆನ್‌ಲೈನ್‌ನಲ್ಲಿ ತರಿಸಿದ ಒಂದು ಅಗ್ಗದ ಕಿಟ್‌ನಲ್ಲಿ ಗೈಡ್‌ಗಳು ಮತ್ತೆ ಬರೀ ಪ್ಲಾಸ್ಟಿಕ್. ಚೈನಿನ ಮೇಲೆ ಟೈಮಿಂಗ್ ಗುರುತಿನ ಕೊಂಡಿಗಳೇ ಇರಲಿಲ್ಲ. ವಾಪಸ್ ಕಳಿಸಿದೆ. ಈ ಎಂಜಿನ್ನಿಗೆ ಉಕ್ಕಿನ ಪಟ್ಟಿಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಗೈಡ್‌ಗಳು ಸಿಗುತ್ತವೆ. ಪ್ಲಾಸ್ಟಿಕ್ ಸವೆದರೂ ಗೈಡ್ ಮುರಿದು ಬೀಳುವುದಿಲ್ಲ. ಸ್ವಲ್ಪ ದುಡ್ಡು ಜಾಸ್ತಿ, ಆದರೆ ಅದನ್ನೇ ಹಾಕಿ. ಇಷ್ಟೆಲ್ಲ ಬಿಚ್ಚುವ ಕಷ್ಟದ ಮುಂದೆ ಆ ದುಡ್ಡು ಏನೂ ಅಲ್ಲ.

ಅದಕ್ಕಾಗಿ ಬಿಡಿಭಾಗಗಳ ಅಂಗಡಿಗೆ ಹೋದೆ. ಕೌಂಟರ್‌ನಲ್ಲಿದ್ದ ಹಿರಿಯರು ವರ್ಷ, ಮಾಡೆಲ್ ಕೇಳಿ ಕಂಪ್ಯೂಟರ್ ಮುಟ್ಟದೆ ಒಳಗೆ ಹೋಗಿ ಗೈಡ್, ಚೈನು ಬಿಗಿ ಹಿಡಿಯುವ ಟೆನ್ಷನರ್, ವಾಟರ್ ಪಂಪ್, ಮುಂದಿನ ಸೀಲ್ ಎಲ್ಲ ತಂದಿಟ್ಟರು. ಅವರು ನ್ಯೂಮಿಯಲ್ಲಿ ಕೆಲಸ ಮಾಡಿದವರು. ಜನರಲ್ ಮೋಟರ್ಸ್ ಮತ್ತು ಟೊಯೊಟಾ ಸೇರಿ ನಮ್ಮ ಫ್ರೀಮಾಂಟ್‌ನಲ್ಲೇ 1984ರಿಂದ 2010ರವರೆಗೆ ನಡೆಸಿದ ಕಾರ್ಖಾನೆ ಅದು. ಈಗ ಅಲ್ಲಿ ಟೆಸ್ಲಾ ಇದೆ. ನನ್ನ ಗಾಡಿ ಜಪಾನಿನಲ್ಲಿ ಮಾಡಿದ್ದು, ಚಾಸಿ ನಂಬರ್ ಜೆ ಅಕ್ಷರದಿಂದ ಶುರುವಾಗುತ್ತದೆ. ಆಮೇಲಿನ ಟೊಯೊಟಾ ಪಿಕಪ್‌ಗಳು, 1995ರಲ್ಲಿ ಬಂದ ಟಕೋಮಾ, ಇಲ್ಲಿ ತಯಾರಾದವು. 'ಟಕೋಮಾದ ಬಾಗಿಲು ನಾನು ಜೋಡಿಸುತ್ತಿದ್ದೆ. ಇವತ್ತಿಗೂ ರಸ್ತೆಯಲ್ಲಿ ಕಂಡರೆ ಮೊದಲು ಬಾಗಿಲ ಸಂದು ಸರಿಯಾಗಿದೆಯಾ ನೋಡ್ತೀನಿ' ಅಂದರು.

ಈ ಪುಟ್ಟ ಪಿಕಪ್‌ಗಳ ಚರಿತ್ರೆಗೆ ಒಂದು ಕೋಳಿಯ ಕಥೆ ಅಂಟಿಕೊಂಡಿದೆ. 1960ರ ದಶಕದ ಶುರುವಿನಲ್ಲಿ ಯುರೋಪಿನವರು ಅಮೆರಿಕದ ಕೋಳಿಯ ಮೇಲೆ ಸುಂಕ ಏರಿಸಿದರು. ಅದಕ್ಕೆ ಉತ್ತರವಾಗಿ 1963ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಕೆಲವು ಸಾಮಾನುಗಳ ಆಮದಿಗೆ ಸುಂಕ ಹಾಕಿದರು. ಅದರಲ್ಲಿ ಬ್ರಾಂದಿ ಇತ್ತು, ಆಲೂಗಡ್ಡೆಯ ಪಿಷ್ಟ ಇತ್ತು, ಸಣ್ಣ ಟ್ರಕ್ಕೂ ಇತ್ತು. ಟ್ರಕ್‌ಗೆ ಶೇ. 25. ಕೋಳಿಯ ಜಗಳ ಯಾವತ್ತೋ ಮುಗಿಯಿತು, ಟ್ರಕ್ಕಿನ ಸುಂಕ ಹಾಗೇ ಉಳಿಯಿತು. ಜಪಾನಿನ ಕಂಪನಿಗಳು ಹಿಂದಿನ ಬಾಡಿ ಇಲ್ಲದೆ ಬರೀ ಚಾಸಿ, ಕ್ಯಾಬಿನ್ ಕಳಿಸತೊಡಗಿದವು. ಹಾಗೆ ತಂದರೆ ಸುಂಕ ಶೇ. 4 ಮಾತ್ರ. 1980ರಲ್ಲಿ ಆ ದಾರಿ ಮುಚ್ಚುವವರೆಗೆ ಹೀಗೇ ನಡೆಯಿತು. ಟೊಯೊಟಾದ ಬಾಡಿಗಳನ್ನು 1972ರಿಂದ ಲಾಂಗ್ ಬೀಚ್‌ನಲ್ಲಿ ಮಾಡುತ್ತಿದ್ದರು. ಸುಬಾರು ಬ್ರ್ಯಾಟ್ ಅನ್ನುವ ಗಾಡಿಯ ಬಾಡಿಯಲ್ಲಂತೂ ಹಿಂದಕ್ಕೆ ಮುಖ ಮಾಡಿದ ಎರಡು ಪ್ಲಾಸ್ಟಿಕ್ ಸೀಟು ಕೂರಿಸಿ, ಇದು ಟ್ರಕ್ಕಲ್ಲ, ಜನ ಕೂರುವ ಕಾರು ಅಂದರು. ಆ ಸೀಟಿನಲ್ಲಿ ಕೂತು ಶಾಲೆಗೆ ಹೋದ ಮಕ್ಕಳು ಈಗ ಅಜ್ಜ ಅಜ್ಜಿಯರಾಗುವ ವಯಸ್ಸಿನವರು.

ಫೋರ್ಡ್ ಕುರಿಯರ್ ಅನ್ನು ಮಾಡಿದ್ದು ಮಾಜ್ದಾ, ಶೆವರ್ಲೆ ಲವ್ ಅನ್ನು ಮಾಡಿದ್ದು ಇಸುಜು. ಆ ಲವ್ ಬಗ್ಗೆ ಹೇಳಿದವರು ನಾಯಿ ಜೊತೆ ವಾಕಿಂಗ್ ಬರುವ ಒಬ್ಬ ಹೆಂಗಸು. ಅವರ ತಂದೆಯ ಗಾಡಿ. ಅಪ್ಪ, ಅಮ್ಮ, ನಡುವೆ ಇವರು, ಗೇರು ರಾಡಿನ ಎರಡೂ ಕಡೆ ಒಂದೊಂದು ಕಾಲು. 'ಎರಡನೇ ಗೇರ್ ಹಾಕಬೇಕಾದರೆ ಅಪ್ಪ ಮೊಣಕಾಲು ಅಂತ ಹೇಳೋರು, ನಾನು ಕಾಲು ಸರಿಸಬೇಕಿತ್ತು.' ಆ ಮಾತು ಹೇಳುತ್ತಾ ಅವರು ನಿಂತಲ್ಲೇ ಕಾಲು ಸರಿಸಿದರು. ಮಗಳು ನನ್ನ ಮುಖ ನೋಡಿದಳು.

ನನ್ನದೂ ಒಂದು ಇದೆ. ಊರಲ್ಲಿ ತಂದೆಗೆ ಮಟಡೋರ್ ಇತ್ತು, ಹಿಂದೆ ತೆರೆದ ಬಾಡಿ. ತಿಪಟೂರಿನ ಕೊಬ್ಬರಿ ಹರಾಜಿಗೆ ಚೀಲ ತುಂಬಿಕೊಂಡು ಬೆಳಗಿನ ಜಾವ ಹೊರಡುತ್ತಿದ್ದರು. ರಜೆಯಲ್ಲಿ ನಾನು ಚೀಲಗಳ ಮೇಲೆ ಮಲಗಿ ಹೋಗುತ್ತಿದ್ದೆ. ಇವತ್ತಿಗೂ ಒಣಕೊಬ್ಬರಿ ತುರಿಯುವ ವಾಸನೆ ಬಂದರೆ, ಬೆನ್ನಿಗೆ ಗೋಣಿಚೀಲ ಚುಚ್ಚುತ್ತದೆ, ಆಕಾಶ ಓಡುತ್ತದೆ. ಆ ಗಾಡಿಯ ರಿಪೇರಿಗೆ ಟಾರ್ಚ್ ಹಿಡಿಯುವ ಕೆಲಸ ನನ್ನದಾಗಿತ್ತು. 'ನಾನು ನೋಡೋ ಕಡೆ ಹಿಡಿಯೋ, ನೀನು ನೋಡೋ ಕಡೆ ಅಲ್ಲ' ಅಂತ ಬೈಸಿಕೊಂಡು ಕಲಿತದ್ದು. ಈಗ ಅದೇ ಮಾತನ್ನು ಮಗಳಿಗೆ ಹೇಳುತ್ತಿದ್ದೇನೆ.

ಜೋಡಣೆ

ಕವರ್ ಬಂದ ದಿನ ತಂದೆಗೆ ವಿಡಿಯೋ ಕಾಲ್ ಮಾಡಿ ಎಂಜಿನ್ ತೋರಿಸಿದೆ. ಫೋನನ್ನು ಹತ್ತಿರ ತರಿಸಿ, ದೂರ ಹಿಡಿಸಿ, ಚೆನ್ನಾಗಿ ನೋಡಿದರು.

'ಮಾರ್ಕ್ ಸರಿ ಕೂರಿಸಿದ್ಯಾ?'

'ಕೂರಿಸಿದೀನಿ ಅಪ್ಪಾ.'

'ಎರಡು ಸುತ್ತು ಕೈಯಲ್ಲಿ ತಿರುಗಿಸು. ಆಮೇಲೆ ಸೆಲ್ಫ್ ಹೊಡಿ. ಅವಸರ ಮಾಡಬೇಡ.'

ಮಾರ್ಕ್ ಕೂರಿಸುವುದು ಹೀಗೆ. ಕ್ರ್ಯಾಂಕ್‌ನ ಕೀ ನೇರ ಮೇಲೆ, ಹನ್ನೆರಡು ಗಂಟೆಗೆ. ಕ್ಯಾಮ್‌ನ ಪಿನ್ನೂ ಹನ್ನೆರಡು ಗಂಟೆಗೆ. ಹೊಸ ಚೈನಿನಲ್ಲಿ ಬಣ್ಣ ಬೇರೆಯಿರುವ ಕೊಂಡಿಗಳಿರುತ್ತವೆ. ಕೆಳಗಿನ ಸ್ಪ್ರಾಕೆಟ್‌ನ ಗುರುತಿಗೆ ಒಂದು, ಮೇಲಿನದಕ್ಕೆ ಒಂದು. ಡ್ರೈವರ್ ಕಡೆಯ ಚೈನು ಬಿಗಿಯಾಗಿ ನಿಲ್ಲಬೇಕು, ಸಡಿಲವೆಲ್ಲ ಟೆನ್ಷನರ್ ಕಡೆ ಹೋಗಬೇಕು. ಒಂದು ಹಲ್ಲು ತಪ್ಪಿದರೂ ಎಂಜಿನ್ ಸರಿಯಾಗಿ ಓಡುವುದಿಲ್ಲ. ಜೋಡಿಸಿ ಕೈಯಲ್ಲಿ ಎರಡು ಸುತ್ತು ತಿರುಗಿಸಿದ ಮೇಲೆ ಕೀ, ಪಿನ್ನು ಎರಡೂ ಮತ್ತೆ ಹನ್ನೆರಡಕ್ಕೆ ಬರುತ್ತವೆ. ಬಣ್ಣದ ಕೊಂಡಿಗಳು ಮಾತ್ರ ಆ ಜಾಗಕ್ಕೆ ಬರುವುದಿಲ್ಲ, ಅವು ಮತ್ತೆ ಹೊಂದಲು ಎಷ್ಟೋ ಸುತ್ತು ಬೇಕು. ಅದನ್ನು ನೋಡಿ ಗಾಬರಿಯಾಗಿ ಮತ್ತೆ ಬಿಚ್ಚಬೇಡಿ.

ಗ್ಯಾಸ್ಕೆಟ್ ಕೂರುವ ಜಾಗ ಕೆರೆದು ಒರೆಸಲು ಒಂದು ಇಡೀ ಬೆಳಗ್ಗೆ ಹಿಡಿಯಿತು. ಅದು ಬೇಜಾರಿನ ಕೆಲಸ, ಆದರೆ ಎಣ್ಣೆ ಸೋರುವುದು ಸೋರದೇ ಇರುವುದು ನಿರ್ಧಾರವಾಗುವುದು ಅಲ್ಲೇ. ಕವರ್‌ನ ಮೇಲಂಚು ಹೆಡ್ ಗ್ಯಾಸ್ಕೆಟ್‌ಗೆ ಸೇರುವ ಎರಡು ಮೂಲೆಗಳಿಗೆ ಸೀಲಂಟ್ ಹಚ್ಚಿದೆ. ಆಯಿಲ್ ಪಂಪಿಗೆ ಹೊಸ ರಬ್ಬರ್ ರಿಂಗು. ಕ್ಯಾಮ್ ಬೋಲ್ಟಿಗೆ 58 ಅಡಿ-ಪೌಂಡ್, ಕ್ರ್ಯಾಂಕ್ ಬೋಲ್ಟಿಗೆ 116. ಟಾರ್ಕ್ ರಿಂಚ್ ಮಗಳ ಕೈಗೆ ಕೊಟ್ಟೆ. ಕ್ಲಿಕ್ ಅಂದಾಗ ಅವಳಿಗಾದ ಸಂತೋಷ ನೋಡಬೇಕಿತ್ತು.

ಎಣ್ಣೆಯ ಕೆಳಗಿನ ಬೋಲ್ಟನ್ನು ಕೊನೆಗೆ ನಾನೇ ಹಾಕಿದೆ. ಹಾಕಿ, ಗುಂಡಿಗೆ ಒಂದಿಷ್ಟು ಹೊಸ ಎಣ್ಣೆ ಬಿಟ್ಟೆ.

ಸೆಲ್ಫ್

ಮೂರನೇ ಶನಿವಾರ ಮಧ್ಯಾಹ್ನ. ಅಜ್ಜ ಮಡಚುವ ಕುರ್ಚಿ ತಂದು ಡ್ರೈವ್‌ವೇಯಲ್ಲಿ ಕೂತಿದ್ದರು. ಮೊದಲು ಇಗ್ನಿಷನ್ ಕಾಯಿಲ್ ತಂತಿ, ಇಂಜೆಕ್ಟರ್‌ಗಳ ಕನೆಕ್ಟರ್ ಎರಡನ್ನೂ ಕಳಚಿ ಬರೀ ಸೆಲ್ಫ್ ತಿರುಗಿಸಿದೆ. ಟೆನ್ಷನರ್ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವುದು. ಎಣ್ಣೆ ತುಂಬುವ ಮೊದಲು ಎಂಜಿನ್ ಓಡಬಾರದು. ಪ್ರೆಶರ್ ದೀಪ ಆರಿದ ಮೇಲೆ ಎರಡನ್ನೂ ಸಿಕ್ಕಿಸಿದೆ.

ಕೀಲಿ ತಿರುಗಿಸಿದೆ. ಹಿಡಿಯಿತು. ಮೊಳೆ ಡಬ್ಬದ ಸದ್ದು ಇಲ್ಲ. ಟ್ಯಾಪೆಟ್‌ಗಳ ಟಿಕಿಟಿಕಿ ಇದೆ, ಅದು ಈ ಎಂಜಿನ್ನಿನ ಮಾತು, ಇರಲೇಬೇಕು. ಬಿಸಿಯಾದ ಮೇಲೆ ಫೀಲರ್ ಗೇಜ್ ಹಾಕಿ ವಾಲ್ವುಗಳ ಸಂದು ಅಳೆದು ನೋಡಿದೆ. ಇನ್‌ಟೇಕ್ 0.20 ಮಿ.ಮೀ., ಎಕ್ಸಾಸ್ಟ್ 0.30. ಎರಡನ್ನು ಸ್ವಲ್ಪ ಸರಿ ಮಾಡಬೇಕಾಯಿತು. ಚೆಕ್ ಕನೆಕ್ಟರ್‌ನ ಎರಡು ಪಿನ್‌ಗಳಿಗೆ ತಂತಿ ಕೊಟ್ಟು, ಟೈಮಿಂಗ್ ಲೈಟ್ ಬಿಟ್ಟು ಟಾಪ್‌ಗಿಂತ 5 ಡಿಗ್ರಿ ಮೊದಲು ಕಿಡಿ ಬರುವ ಹಾಗೆ ಇಗ್ನಿಷನ್ ಹೊಂದಿಸಿದೆ. ಈ ರಾಜ್ಯದಲ್ಲಿ 1976 ಮತ್ತು ಆಮೇಲಿನ ಪೆಟ್ರೋಲ್ ಗಾಡಿಗಳು, ತೀರಾ ಹೊಸವನ್ನು ಬಿಟ್ಟರೆ, ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆ ಪಾಸಾಗಬೇಕು, ಹಾಗಾಗಿ ಇದರಲ್ಲಿ ಅಂದಾಜು ನಡೆಯೋಲ್ಲ.

ನೈಲ್ಸ್ ಕ್ಯಾನ್ಯನ್ ರಸ್ತೆಯಲ್ಲಿ ಸುನೋಲ್‌ವರೆಗೆ ಹೋಗಿ ಬಂದೆ. ತಿರುವುಗಳಲ್ಲಿ ಸ್ಟೀರಿಂಗ್‌ಗೆ ತೋಳಿನ ಬಲ ಬೇಕು. ವಾಪಸ್ ಬಂದು ಕೆಳಗೆ ರಟ್ಟು ಹಾಸಿ ಒಂದು ಗಂಟೆ ಬಿಟ್ಟೆ. ಒಂದು ಹನಿಯೂ ಬೀಳಲಿಲ್ಲ.

ನೋಟ್‌ಬುಕ್‌ನಲ್ಲಿ ಹೊಸ ಪುಟ ತೆಗೆದು ಕನ್ನಡದಲ್ಲಿ ಬರೆದೆ. 2,36,000 ಮೈಲಿ. ಚೈನ್, ಉಕ್ಕಿನ ಗೈಡ್, ಕವರ್, ವಾಟರ್ ಪಂಪ್. ಸಂಪ್ ಇಳಿಸಿ ತೊಳೆದಿದೆ. ಹೊತ್ತದ್ದು: ಮಣ್ಣು ಮೂರು ಟ್ರಿಪ್, ರಾಜ್ಯೋತ್ಸವಕ್ಕೆ ಕನ್ನಡ ಕೂಟದ ಮೇಜು ಕುರ್ಚಿ, ಬಾಳೆಎಲೆ. ಅಜ್ಜ ಬಗ್ಗಿ ನೋಡಿದರು. 'ಅಕ್ಷರ ಚೆನ್ನಾಗಿದೆ. ಮುಂದಿನವರು ಓದೋದು ಹೇಗೆ?' ಅಂದರು. ಬೋಲ್ಟಿನ ವಿಷಯ ಒಂದನ್ನು ಇಂಗ್ಲಿಷಿನಲ್ಲೂ ಬರೆದು, ಅವರ ಹಾಗೇ ಮೂರು ಗೆರೆ ಎಳೆದೆ.

ಹಳೆ ಕವರ್, ಹಳೆ ಪಂಪು, ಮುರಿದ ರಟ್ಟುಗಳನ್ನೆಲ್ಲ ಬಾಡಿಗೆ ಹಾಕಿದೆವು, ಕಸದ ಯಾರ್ಡಿಗೆ ಒಯ್ಯಲು. ಅಜ್ಜ ನಾನೂ ಬರುತ್ತೇನೆ ಅಂದರು. ಮಗಳು ನಡುವೆ ಕೂತಳು, ಗೇರು ರಾಡಿನ ಎರಡೂ ಕಡೆ ಒಂದೊಂದು ಕಾಲು ಇಟ್ಟುಕೊಂಡು. ನಾನು ಕ್ಲಚ್ ಒತ್ತಿ ಮೊದಲ ಗೇರಿಗೆ ಹಾಕಿದೆ. ಹ್ಯಾಂಡ್‌ಬ್ರೇಕ್ ಬಿಡುವುದು ಮರೆತಿದ್ದೆ. ಅಜ್ಜ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಅತ್ತಲಿಂದ ಮುಖ ತಿರುಗಿಸದೆಯೇ ಮಗಳ ಮುಂದಿನಿಂದ ಅಡ್ಡ ಬಗ್ಗಿದರು. ಡ್ಯಾಶ್‌ಬೋರ್ಡ್ ಕೆಳಗೆ ಕೈ ಚಾಚಿ ಹಿಡಿ ತಿರುಗಿಸಿ ಒಳಗೆ ತಳ್ಳಿದರು.

'ಮೊಣಕಾಲು' ಅಂದೆ. ಮಗಳು ಕಾಲು ಸರಿಸಿದಳು. ಎರಡನೇ ಗೇರ್ ಬಿತ್ತು.